ಕ್ಲೇಮ್ ಲೆಟರ್ ನಾನು ಬರ್ಕೊಡ್ಲಿಲ್ಲ, ಅವಳ ಕೈಲೇ ಬರೆಸ್ದೆ

ಸಂಜೆ ನಮ್ಮನೇಲಿ ಒಂದಿಷ್ಟು ಜನಕ್ಕೆ ಇಂಗ್ಲಿಷ್ ಹೇಳ್ಕೊಡ್ತೀನಿ, ಅದ್ರಲ್ಲಿ ಒಬ್ಳು ಬಟ್ಟೆ ಅಂಗಡೀಲಿ ಬಿಲ್ಲಿಂಗ್ ಮಾಡೋ ಹುಡುಗಿ. ಅವಳ ಅಪ್ಪಂಗೆ ಗಾಲ್ ಬ್ಲಾಡರ್ ಆಪರೇಷನ್ ಆಗಿತ್ತು, ಇನ್ಶೂರೆನ್ಸ್‌ನೋರು ಕ್ಲೇಮ್‌ನಲ್ಲಿ ಚೆನ್ನಾಗೇ ಕಟ್ ಮಾಡಿದ್ರು. "ಮೇಡಂ, ನೀವೇ ಒಂದು ಲೆಟರ್ ಬರ್ಕೊಡಿ" ಅಂದ್ಳು. ಬರ್ಕೊಡೋದೇನು ದೊಡ್ಡ ಕೆಲ್ಸ ಅಲ್ಲ, ಆದ್ರೆ ನಾಳೆ ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡ್ಕೊಳ್ಳೋ ಏಜೆನ್ಸಿ) ಕಡೆಯಿಂದ ಫೋನ್ ಬಂದ್ರೆ ಮಾತಾಡ್ಬೇಕಾದೋಳು ಅವಳೇ ತಾನೇ.

ಅವಳು ಬರ್ದು ತಂದಿದ್ದು ಎರಡು ಪುಟ. ಮನೆ ಕಷ್ಟ, ಆಸ್ಪತ್ರೇಲಿ ನರ್ಸ್ ಬೈದಿದ್ದು, ಕೊನೇಲಿ "ಕೈಂಡ್ಲಿ ಡೂ ದ ನೀಡ್‌ಫುಲ್". ಏನು ಮಾಡ್ಬೇಕು ಅವ್ರು? ಎಲ್ಲೂ ಇಲ್ಲ. ಇಂಗ್ಲಿಷ್ ಪಕ್ಕಕ್ಕಿಟ್ಟು ಕನ್ನಡದಲ್ಲೇ ಕೇಳ್ದೆ: ಎಷ್ಟು ಕಟ್ ಆಯ್ತು, ಯಾಕಂತೆ, ಈಗ ನಿಂಗೆ ಎಷ್ಟು ವಾಪಸ್ ಬೇಕು? ಕೊನೇದಕ್ಕೆ ಅವಳ ಹತ್ರ ಕನ್ನಡದಲ್ಲೂ ಉತ್ತರ ಇರ್ಲಿಲ್ಲ.

ಸರಿ ಅಂತ ಸೆಟಲ್‌ಮೆಂಟ್ ಲೆಟರ್ ಮುಂದಿಟ್ಕೊಂಡು ಕೂತ್ವಿ. ಪಾಲಿಸೀಲಿ ರೂಮ್ ಬಾಡಿಗೆ ದಿನಕ್ಕೆ 5,000 ಲಿಮಿಟ್, ಇವರು ತಗೊಂಡಿದ್ದು 7,000ದ ರೂಮು, ಅದಕ್ಕೆ ಏಳರಲ್ಲಿ ಐದು ಪಾಲು ಮಾತ್ರ ಕೊಡೋದು ಅಂತ ಲೆಕ್ಕ ಹಾಕಿ ಪೂರ್ತಿ ಬಿಲ್ಲಿಗೇ ಕತ್ತರಿ ಹಾಕಿದ್ರು, ಔಷಧಿ ಸ್ಕ್ಯಾನಿಂಗ್ ಎಲ್ಲಾ ಸೇರಿ. ಡಾಕ್ಟರ್ ಫೀಸು, ಓಟಿ ಚಾರ್ಜಿಗೆ ಹಂಗೆ ಕಟ್ ಮಾಡ್ಬೋದು, ಆದ್ರೆ ಔಷಧಿ, ಇಂಪ್ಲಾಂಟ್, ಟೆಸ್ಟುಗಳ ಖರ್ಚಿಗೆ ಹಂಗೆ ಮಾಡೋ ಹಾಗಿಲ್ಲ ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಔಷಧಿ ಮತ್ತು ಟೆಸ್ಟಿಂದು 28,000, ಕೊಟ್ಟಿದ್ದು 20,000. ಅಂದ್ರೆ ಕೇಳ್ಬೇಕಾಗಿದ್ದು ಬರೀ 8,000. ಇದು ಗೊತ್ತಾದ್ಮೇಲೆ ಅವಳ ಇಂಗ್ಲಿಷೇ ಅರ್ಧ ಸರಿ ಹೋಯ್ತು ನೋಡಿ.

ಮೊದಲ್ನೇ ಸಾಲಲ್ಲೇ ಕ್ಲೇಮ್ ನಂಬರ್ ಮತ್ತು ಬೇಕಾದ ಮೊತ್ತ. ಆಮೇಲೆ ತಾರೀಕಿನ ಪ್ರಕಾರ ಒಂದೊಂದೇ ಸಣ್ಣ ವಾಕ್ಯ, ಪ್ರತಿಯೊಂದ್ರಲ್ಲೂ ಯಾರು ಮಾಡಿದ್ದು ಅಂತ ಇರ್ಲೇಬೇಕು. "ಬಿಲ್ಸ್ ವರ್ ಗಿವನ್" ಅಂತ ಬರ್ದಿದ್ಲು, ಯಾರು ಯಾರಿಗೆ ಕೊಟ್ರು? "ಐ ಸಬ್‌ಮಿಟೆಡ್ ದ ಬಿಲ್ಸ್ ಟು ಯುವರ್ ಆಫೀಸ್" ಅಂತ ಅವಳೇ ತಿದ್ದಿದ್ಲು. "ಫಾದರ್ ಈಸ್ ಹ್ಯಾವಿಂಗ್ ಬಿಪಿ ಸಿನ್ಸ್ ಲಾಂಗ್" ಅನ್ನೋದು ನೋಡಿ ಮಾತ್ರ ನಂಗೆ ಭಯ ಆಯ್ತು. ಬಿಪಿ ವಿಷ್ಯ ಪಾಲಿಸಿ ತಗೊಳ್ಳೋವಾಗ ತುಂಬಿದ ಪ್ರಪೋಸಲ್ ಫಾರಂನಲ್ಲೇ ಹೇಳಿದ್ದಾರೆ, ಮುಚ್ಚಿಡೋ ಮಾತಲ್ಲ, ಆದ್ರೆ ಬರೆಯೋದಾದ್ರೆ ಯಾವ ವರ್ಷದಿಂದ ಅಂತ ಬರಿ ಇಲ್ಲಾ ಬಿಡು, "ಸಿನ್ಸ್ ಲಾಂಗ್" ಅಂದ್ರೆ ಅವರಿಗೆ ಬೇಕಾದಂಗೆ ಓದ್ಕೋತಾರೆ ಅಂದೆ. ಎಲ್ಲಿ "ಎ", ಎಲ್ಲಿ "ದ" ಅನ್ನೋ ತಪ್ಪುಗಳನ್ನ ನಾನು ಮುಟ್ಲಿಲ್ಲ, ಅದ್ರಿಂದ ಯಾರ ಕ್ಲೇಮೂ ನಿಲ್ಲಲ್ಲ.

ಕೊನೆಗೆ ಅರ್ಧ ಪುಟ ಆಯ್ತು, ಕಂಪನಿಯ ದೂರಿನ (ಗ್ರೀವನ್ಸ್) ಐಡಿಗೆ ಮೇಲ್ ಹಾಕಿದ್ಲು. ಒಂದು ತಿಂಗಳಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಇದೇ ಪತ್ರ ಇಟ್ಕೊಂಡು, ಇಂಥ ದೂರು ವಿಚಾರಿಸೋ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಹೋಗ್ಬೋದು, ಫೀಸಿಲ್ಲ ಅಂತಾನೂ ಹೇಳಿದ್ದೆ. ಅಲ್ಲೀವರೆಗೂ ಹೋಗ್ಲಿಲ್ಲ, ಟಿಪಿಎಯಿಂದ ಫೋನ್ ಬಂತು, ಅಂಗಡಿ ಕೌಂಟರಲ್ಲೇ ನಿಂತು ಅವಳೇ ಮಾತಾಡಿದ್ಲಂತೆ, ಔಷಧಿ ಬಿಲ್ ಮತ್ತೆ ಕಳ್ಸಿ ಅಂದ್ರಂತೆ, ಕಳ್ಸಿದ್ಲು, ದುಡ್ಡು ಬಂತು.