ದುಬಾರಿ ಹವ್ಯಾಸ: ಮನೆಯಲ್ಲಿ ಹೇಳಿ, ಒಪ್ಪಿಸಿ, ಕೊಳ್ಳುವುದು ಹೇಗೆ?

ಹೋದ ದಸರಾಕ್ಕೆ ಗೊಂಬೆ ಕೂರಿಸಲು ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿದ್ದೆ. ಪಟ್ಟದ ಗೊಂಬೆಗಳ ಪೆಟ್ಟಿಗೆಯ ಹಿಂದೆ, ಹಳೇ ಪಂಚೆಯಲ್ಲಿ ಸುತ್ತಿದ ಒಂದು ರಟ್ಟಿನ ಡಬ್ಬ ಸಿಕ್ಕಿತು. ನಮ್ಮ ಯಜಮಾನರು ಹಕ್ಕಿ ಫೋಟೊ ತೆಗೆಯಲು ಕೊಂಡ ಲೆನ್ಸ್‌ನ ಡಬ್ಬ. ಒಳಗೆ ಬಿಲ್ ಇತ್ತು: ₹1,08,000. ನನಗೆ ಹೇಳಿದ್ದು, ಸ್ನೇಹಿತನ ಹಳೇ ಲೆನ್ಸು, 45 ಸಾವಿರಕ್ಕೆ ಕೊಟ್ಟ ಅಂತ.

‘ರೀ, ಏನಿದು?’ ಅಂದೆ. ‘ಹೇಳೋಣ ಅಂತಾನೇ ಇದ್ದೆ ಕಣೇ’ ಅಂದರು.

ದುಡ್ಡು ಹೋಯಿತು ಅನ್ನುವುದಕ್ಕಿಂತ, ನನ್ನಿಂದ ಮುಚ್ಚಿಟ್ಟರಲ್ಲ ಅನ್ನುವುದೇ ಜಾಸ್ತಿ ನೋವು ಕೊಟ್ಟಿತು. ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಯಾಮೆರಾ ಇರಲಿ, ಬುಲೆಟ್ ಇರಲಿ, ಸೈಕಲ್ ಇರಲಿ, ವೀಣೆ ಇರಲಿ, ದಾರಿ ಹೆಚ್ಚುಕಮ್ಮಿ ಒಂದೇ.

1. ಸಮರ್ಥನೆ ಬಿಡಿ, ಇಷ್ಟ ಅಂತ ಹೇಳಿ

ದೊಡ್ಡ ವಸ್ತು ಕೊಳ್ಳಬೇಕು ಅನಿಸಿದಾಗ ನಾವು ಮೊದಲು ಹುಡುಕುವುದು ನೆಪ. ‘ಆಫರ್ ಇತ್ತು, ಇವತ್ತೇ ಕೊನೇ ದಿನ.’ ‘ಮಗಳ ಫೋಟೊ ಚೆನ್ನಾಗಿ ಬರುತ್ತೆ.’ ‘ಮದುವೆ ಫೋಟೊ ತೆಗೆದು ದುಡ್ಡು ವಾಪಸ್ ಮಾಡ್ತೀನಿ.’ ಎಲ್ಲಕ್ಕಿಂತ ಜೋರಾದ್ದು, ‘ನಾನೇನು ಕುಡೀತೀನಾ, ಸಿಗರೇಟ್ ಸೇದ್ತೀನಾ?’

ಈ ಕೊನೆಯ ಮಾತನ್ನು ದಯವಿಟ್ಟು ಆಡಬೇಡಿ. ಕೇಳಿದವರಿಗೆ ಅದು ಉತ್ತರವೇ ಅಲ್ಲ. ಸಂಪಾದಿಸಿ ತೀರಿಸುತ್ತೇನೆ ಅನ್ನುವ ಮಾತೂ ಬೇಡ. ನಾಳೆ ಒಂದು ರೂಪಾಯಿ ಬರದಿದ್ದರೆ ಆ ಮಾತೇ ಇನ್ನೊಂದು ಜಗಳಕ್ಕೆ ದಾರಿ.

ನಾನು ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ. ಕಿರೀಟ, ಒಡವೆಯ ಕುಸುರಿಯನ್ನು ತೆಳ್ಳಗೆ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು, ಅಂದರೆ ತೆಳ್ಳನೆಯ ಚಿನ್ನದ ಹಾಳೆ, ಕೂರಿಸಬೇಕು. ಫ್ಯಾನ್ ಆರಿಸಿ, ಉಸಿರು ಬಿಗಿ ಹಿಡಿದು ಕೂರುತ್ತೇನೆ. ಒಂದು ನಿಟ್ಟುಸಿರು ಬಿಟ್ಟರೂ ರೇಕು ಮುದುಡಿಹೋಗುತ್ತದೆ. ಆ ಅರ್ಧ ಗಂಟೆ ನನಗೆ ಬೇರೇನೂ ನೆನಪಿರುವುದಿಲ್ಲ. ಇದರಿಂದ ಮನೆಗೆ ಏನು ಲಾಭ ಅಂದರೆ ಏನೂ ಇಲ್ಲ. ನನಗೆ ಇಷ್ಟ, ಅಷ್ಟೇ. ಇಷ್ಟೊಂದನ್ನು ಬಾಯಿಬಿಟ್ಟು ಹೇಳಿದರೆ ಸಾಕು. ಜೊತೆಗಿರುವವರಿಗೆ ಅರ್ಥವಾಗುತ್ತದೆ.

2. ಪೂರ್ತಿ ಲೆಕ್ಕ ಬರೆಯಿರಿ

ಲೆನ್ಸ್‌ನ ಬೆಲೆಗೇ ಖರ್ಚು ಮುಗಿಯಲಿಲ್ಲ. ಅದರ ಭಾರ ತಡೆಯುವ ಟ್ರೈಪಾಡ್ ಬೇಕು. ಬ್ಯಾಗು, ಮೆಮೊರಿ ಕಾರ್ಡು, ಫೋಟೊ ಇಡಲು ಹಾರ್ಡ್ ಡಿಸ್ಕ್ ಬೇಕು. ಮಳೆಗಾಲದ ತೇವಕ್ಕೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್. ಆಮೇಲೆ ಪೆಟ್ರೋಲು, ಬೋಟ್ ಟಿಕೆಟ್ಟು, ಕಾಡಿನ ಸಫಾರಿ.

ಕೊಳ್ಳುವ ಮೊದಲೇ ಎರಡು ಸಾಲು ಬರೆಯಿರಿ. ಒಂದು ಸಲದ ಖರ್ಚು ಎಷ್ಟು? ವರ್ಷ ವರ್ಷದ ಖರ್ಚು ಎಷ್ಟು? ಮನೆಯವರಿಗೆ ತೋರಿಸಬೇಕಾದ್ದು ಈ ಮೊತ್ತವನ್ನು, ಅಂಗಡಿಯ ಚೀಟಿಯನ್ನಲ್ಲ.

3. ಕಷ್ಟಕ್ಕೆ ಇಟ್ಟ ದುಡ್ಡನ್ನು ಮುಟ್ಟಬೇಡಿ

ಮಕ್ಕಳ ಫೀಸು, ವಿಮೆ, ಮನೆ ಸಾಲದ ಕಂತು, ಆಸ್ಪತ್ರೆಗೆ ಅಂತ ತೆಗೆದಿಟ್ಟ ಹಣ, ಇವುಗಳ ಹತ್ತಿರ ಹೋಗಲೇಬೇಡಿ. ಹೆಂಡತಿಯ ಒಡವೆಯಂತೂ ಕೂಡದು. ಸ್ತ್ರೀಧನ, ಅಂದರೆ ಹೆಣ್ಣಿಗೆ ಮದುವೆಯ ಹೊತ್ತಿನಲ್ಲಿ, ಅದರ ಹಿಂದೆ ಮುಂದೆ ಉಡುಗೊರೆಯಾಗಿ ಬಂದ ಒಡವೆ, ಹಣ, ಗಂಡ ಹೆಂಡಿರ ಜಂಟಿ ಆಸ್ತಿ ಅಲ್ಲ, ಅದರ ಮೇಲೆ ಗಂಡನಿಗೆ ಹಕ್ಕಿಲ್ಲ, ತೀರಾ ಕಷ್ಟಕ್ಕೆ ಬಳಸಿದರೂ ವಾಪಸ್ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಹವ್ಯಾಸ ಕಷ್ಟದ ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ?

4. ಇಬ್ಬರಿಗೂ ಒಂದೇ ಕೈಖರ್ಚು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಪ್ರತಿ ತಿಂಗಳು ಇಬ್ಬರ ಹೆಸರಿನಲ್ಲೂ ಒಂದಿಷ್ಟು ಹಣ ಪಕ್ಕಕ್ಕೆ ಇಡಿ. ಸಾವಿರವೋ, ಐದು ಸಾವಿರವೋ, ಮನೆಗೆ ಆಗುವಷ್ಟು. ಆ ದುಡ್ಡಿಗೆ ಯಾರೂ ಯಾರಿಗೂ ಲೆಕ್ಕ ಕೇಳುವಂತಿಲ್ಲ.

ಮೊತ್ತ ಮಾತ್ರ ಸಮ ಇರಬೇಕು. ಒಬ್ಬರೇ ದುಡಿಯುವ ಮನೆಯಲ್ಲೂ ಸಮವೇ. ‘ಸಂಬಳ ತರೋದು ನಾನು’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೆ ಗಂಡ ಕ್ಯಾಮೆರಾ ಹೆಗಲಿಗೇರಿಸಿ ಹೋಗುತ್ತಾನೆ ಅಂದರೆ, ಮನೆಯಲ್ಲಿ ಹಾಲು ಕಾಯಿಸಿ, ಮಗುವಿಗೆ ತಲೆಸ್ನಾನ ಮಾಡಿಸಿ, ಅತ್ತೆಯ ಮಾತ್ರೆ ನೋಡಿಕೊಳ್ಳುವವರು ಇದ್ದಾರೆ ಅಂತ ಅರ್ಥ. ಮನೆಯಲ್ಲೇ ಇರುವ ಹೆಂಡತಿಗೆ ಜಂಟಿ ಖಾತೆ, ಎಟಿಎಂ ಕಾರ್ಡು ಸಿಗುವಂತಾಗಬೇಕು ಅಂತ 2024ರ ಜುಲೈನ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಬರೆದಿದ್ದಾರೆ. ನಮ್ಮ ಕರ್ನಾಟಕದವರೇ ಆದ ಅವರ ಆ ಮಾತನ್ನು ನಾನು ಎಷ್ಟೋ ಗೆಳತಿಯರಿಗೆ ಹೇಳಿದ್ದೇನೆ.

ದುಡ್ಡಿನ ಹಾಗೆ ಸಮಯವನ್ನೂ ಹಂಚಿಕೊಳ್ಳಿ. ನಮ್ಮಲ್ಲಿ ಈಗ ತಿಂಗಳಿಗೆ ಎರಡು ಭಾನುವಾರ ಅವರದು, ಎರಡು ನನ್ನದು.

5. ಮೊದಲು ಬಾಡಿಗೆಗೆ ತನ್ನಿ

ಕ್ಯಾಮೆರಾ, ಲೆನ್ಸು ದಿನದ ಬಾಡಿಗೆಗೆ ಸಿಗುತ್ತವೆ. ಒಂದು ಸೀಸನ್ ಹಾಗೇ ನೋಡಿ. ನಮಗೆ ಹತ್ತಿರ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ 1940ರಲ್ಲಿ ಪಕ್ಷಿಧಾಮ ಮಾಡಿದ ಜಾಗ. ಅಲ್ಲಿ ದೋಣಿ ಗೂಡುಗಳ ಹತ್ತಿರವೇ ಹೋಗುತ್ತದೆ. ಕೊಕ್ಕರೆ ಮರಿಗೆ ಗುಟುಕು ಕೊಡುವುದನ್ನು ಚಿಕ್ಕ ಲೆನ್ಸ್‌ನಲ್ಲೂ ಚೆನ್ನಾಗಿ ಹಿಡಿಯಬಹುದು. ಉದ್ದದ ಲೆನ್ಸ್ ಬೇಕಾಗುವುದು ದೂರದ ಪುಟ್ಟ ಹಕ್ಕಿಗಳಿಗೆ. ನಿಮಗೆ ನಿಜಕ್ಕೂ ಏನು ಬೇಕು ಅಂತ ನಾಲ್ಕು ಸಲ ಹೋಗಿ ಬಂದರೆ ಗೊತ್ತಾಗುತ್ತದೆ.

ಹಳೆಯದು ಕೊಳ್ಳುವುದಾದರೆ ಕತ್ತಲೆಯಲ್ಲಿ ಗಾಜಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಬೇಡ ಅಂತ ಎದ್ದು ಬನ್ನಿ.

6. ಕೂಡಿಟ್ಟು ಕೊಳ್ಳಿ

‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲದ ತಿಂಗಳ ಕಂತು ಅಂತ ಅಂಗಡಿಯವರು ಹೇಳುವುದನ್ನು, ಪುಕ್ಕಟೆ ಅಂದುಕೊಳ್ಳಬೇಡಿ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಕ್ರೆಡಿಟ್ ಕಾರ್ಡ್ ಕಂತಿನಲ್ಲಿ ಪ್ರೊಸೆಸಿಂಗ್ ಶುಲ್ಕ ಇರಬಹುದು, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಕಾರ್ಡಿನ ಬಾಕಿ ಉಳಿಸಿಕೊಂಡರಂತೂ ತಿಂಗಳಿಗೇ ಶೇ 3ರ ಮೇಲೆ ಬಡ್ಡಿ ಸಾಮಾನ್ಯ.

ಅದರ ಬದಲು ಬ್ಯಾಂಕಿನಲ್ಲಿ ಒಂದು ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡಿ. ತಿಂಗಳಿಗೆ ₹8,000ದಂತೆ ವರ್ಷಕ್ಕೆ ₹96,000. ಶೇ 6 ಬಡ್ಡಿ ಹಿಡಿದರೂ ಮೇಲೆ ₹3,100ರಷ್ಟು ಸಿಗುತ್ತದೆ. ವರ್ಷ ಕಳೆದ ಮೇಲೂ ಆ ವಸ್ತುವಿನ ಆಸೆ ಹಾಗೇ ಇದ್ದರೆ ಸಂತೋಷವಾಗಿ ಕೊಳ್ಳಿ. ಆಗ ಮನೆಯವರೂ ಅಂಗಡಿಗೆ ಜೊತೆಯಲ್ಲಿ ಬರುತ್ತಾರೆ.

ಈಗಾಗಲೇ ಮುಚ್ಚಿಟ್ಟು ಕೊಂಡಾಗಿದ್ದರೆ?

ಸಿಕ್ಕಿಬೀಳುವ ತನಕ ಕಾಯಬೇಡಿ. ಇಬ್ಬರಿಗೂ ಹೊಟ್ಟೆ ತುಂಬಿರುವ ಹೊತ್ತು ನೋಡಿ, ಮಕ್ಕಳು ಮಲಗಿದ ಮೇಲೆ ಬಿಲ್ ತಂದು ಮುಂದಿಡಿ. ಕಾರಣ ಹೇಳಬೇಡಿ, ಬೆಲೆ ಹೇಳಿ. ಬೇರೆ ಏನಾದರೂ ಮುಚ್ಚಿಟ್ಟಿದ್ದರೆ ಅದನ್ನೂ ಅವತ್ತೇ ಹೇಳಿಬಿಡಿ. ಕಂತು ಕಂತಾಗಿ ಹೊರಬಂದರೆ ಆಮೇಲೆ ಯಾವ ಮಾತಿಗೂ ನಂಬಿಕೆ ಉಳಿಯುವುದಿಲ್ಲ. ಕೇಳಿಸಿಕೊಳ್ಳುವವರು ಅವತ್ತೇ ತೀರ್ಮಾನ ಮಾಡಬೇಕಾಗಿಲ್ಲ. ಒಂದು ವಾರ ತೆಗೆದುಕೊಳ್ಳಿ.

ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ ರಾತ್ರಿ ಅವರು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಎಲ್ಲ ಬರೆದರು. ನನಗೆ ಗೊತ್ತೇ ಇರದ ₹14,000ದ ಟ್ರೈಪಾಡ್ ಕೂಡ ಅದರಲ್ಲಿತ್ತು. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಅವರ ಕೈಯಿಂದ ಪೆನ್ನು ತೆಗೆದುಕೊಂಡು, ದಿನಸಿ ಲೆಕ್ಕದಲ್ಲಿ ಸೇರಿಸಿ ಮರೆಸಿದ್ದ ಚಿನ್ನದ ರೇಕಿನ ದುಡ್ಡನ್ನು ಕೆಳಗೆ ಬರೆದೆ.