ಪೆಟೂನಿಯಾ ಸಸಿಗಳು ಬುಡ ಕೊಳೆತು ಬೀಳುವುದು ನಿಂತದ್ದು ಹೀಗೆ

ಮೂರು ಬಾರಿ ಬಿತ್ತಿದ ಪೆಟೂನಿಯಾ ಬೀಜಗಳು ಚೆನ್ನಾಗಿಯೇ ಮೊಳೆತವು. ಆದರೆ ಬೀಜದೆಲೆಗಳ ನಂತರದ ಎಲೆಗಳು ಮೂಡುವ ಮುನ್ನವೇ ಕಾಂಡವು ಮಣ್ಣಿನ ಮಟ್ಟದಲ್ಲಿ ಕಂದಾಗಿ, ದಾರದಂತೆ ಸಣಕಲಾಗಿ, ಸಸಿಗಳು ಒಂದೇ ರಾತ್ರಿಯಲ್ಲಿ ಮಗ್ಗುಲಿಗೆ ಬೀಳುತ್ತಿದ್ದವು. ಇದು ಮಣ್ಣಿನಲ್ಲಿರುವ ಪಿಥಿಯಂ, ರೈಜೋಕ್ಟೋನಿಯಾ ಮುಂತಾದ ಸೂಕ್ಷ್ಮಜೀವಿಗಳಿಂದ ಬರುವ ಸಸಿ ಕೊಳೆ ರೋಗ.

ಬಾಡಿದೆಯೆಂದು ಭಾವಿಸಿ ಹೆಚ್ಚು ನೀರು ಹಾಕಿದ್ದು ರೋಗವನ್ನೇ ಬೆಳೆಸಿತು. ದಾಲ್ಚಿನ್ನಿ ಪುಡಿಯಿಂದ ಪ್ರಯೋಜನವಾಗಲಿಲ್ಲ. ಬಿದ್ದ ಸಸಿಗೆ ಶಿಲೀಂಧ್ರನಾಶಕ ಸಿಂಪಡಿಸಿದ್ದೂ ವ್ಯರ್ಥವಾಯಿತು. ಕೊಳೆತ ಕಾಂಡ ಚೇತರಿಸಿಕೊಳ್ಳುವುದಿಲ್ಲ.

ನಾಲ್ಕನೆಯ ಬಾರಿ ಟ್ರೇಗಳನ್ನು ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ 10 ನಿಮಿಷ ನೆನೆಸಿ ಮತ್ತೆ ತೊಳೆದೆನು. ತೋಟದ ಮಣ್ಣನ್ನು ಪೂರ್ತಿ ಬಿಟ್ಟು, ಎರಡು ಪಾಲು ತೆಂಗಿನ ನಾರಿನ ಪುಡಿಯಾದ ಹೊಸ ಕೊಕೊಪೀಟ್‌ಗೆ ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಸೇರಿಸಿ, ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವಗೊಳಿಸಿದೆನು. ಮೊಳೆಯಲು ಬೆಳಕು ಬೇಕಾದ್ದರಿಂದ ಬೀಜವನ್ನು ಮುಚ್ಚದೆ ಮೇಲೆಯೇ ಉದುರಿಸಿ, ಪಾರದರ್ಶಕ ಮುಚ್ಚಳ ಹಾಕಿ, 21ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಟ್ಟೆನು.

ನಿರ್ಣಾಯಕವಾದದ್ದು ಮುಂದಿನ ಹಂತ. ಅರ್ಧದಷ್ಟು ಬೀಜ ಮೊಳೆತ ದಿನವೇ ಮುಚ್ಚಳವನ್ನು ಶಾಶ್ವತವಾಗಿ ತೆಗೆದೆನು. ಹಿಂದೆ ಅದನ್ನು ಎರಡು ವಾರ ಹಾಗೆಯೇ ಬಿಟ್ಟದ್ದೇ ತಪ್ಪಾಗಿತ್ತು. ಆಮೇಲೆ ಮೇಲಿನಿಂದ ನೀರು ಹಾಕಲೇ ಇಲ್ಲ: ಟ್ರೇಯನ್ನು 2 ಸೆಂಟಿಮೀಟರ್ ನೀರಿನಲ್ಲಿ ಇರಿಸಿ, ಮಿಶ್ರಣದ ಮೇಲ್ಮೈ ನೆನೆದು ಕಪ್ಪಾಗುತ್ತಲೇ ತೆಗೆದು ಬಸಿಯಲು ಬಿಟ್ಟು, ಮೇಲ್ಮೈ ತಿಳಿಬಣ್ಣಕ್ಕೆ ತಿರುಗಿ ಟ್ರೇ ಹಗುರವಾದಾಗ ಮಾತ್ರ ಮತ್ತೆ ನೀರುಣಿಸಿದೆನು. ಚಿಕ್ಕ ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿ, ಸಸಿಗಳಿಗೆ ನೇರವಾಗಿ ಬೀಸದಂತೆ ಹಗಲೆಲ್ಲ ಓಡಿಸಿದೆನು. ದಟ್ಟವಾದ ಸಸಿಗಳನ್ನು ಕೀಳದೆ ಕತ್ತರಿಯಿಂದ ತುಂಡರಿಸಿದೆನು. ಕಿತ್ತರೆ ಪಕ್ಕದ ಬೇರುಗಳಿಗೆ ಗಾಯವಾಗುತ್ತದೆ. ಈ ಬಾರಿ ಮೂರು ಸಸಿಗಳು ಮಾತ್ರ ಬಿದ್ದವು, ಅವೂ ನೀರು ನಿಂತಿದ್ದ ಮೂಲೆಯಲ್ಲಿ.