ಟಾಪ್ ಗ್ರೇಡ್ ಕಾಯಿನ್‌ಗೆ ಜಾಸ್ತಿ ದುಡ್ಡು ಕೊಡೋ ಮುಂಚೆ

ಮೊದ್ಲು ಸ್ಲ್ಯಾಬ್ (ಗ್ರೇಡ್ ಆದ ಕಾಯಿನ್ ಸೀಲ್ ಮಾಡಿರೋ ಪ್ಲಾಸ್ಟಿಕ್ ಕೇಸ್) ಮೇಲಿರೋ ನಂಬರ್ ಮರೆತು ಕಾಯಿನ್ ನೋಡಿ. ಕಾಯಿನ್ ಸ್ಥಿತಿಗೆ 1ರಿಂದ 70ರವರೆಗೆ ನಂಬರ್ ಕೊಡೋ ಶೆಲ್ಡನ್ ಸ್ಕೇಲಲ್ಲಿ 66ಕ್ಕೂ 67ಕ್ಕೂ ವ್ಯತ್ಯಾಸ ಎಷ್ಟೋ ಸಲ ಒಂದೆರಡು ಸಣ್ಣ ಗೀರು ಅಷ್ಟೇ, ರೇಟ್ ಮಾತ್ರ ಎಷ್ಟೋ ಪಟ್ಟು ಏರಿರುತ್ತೆ. ಆಮೇಲೆ ಪಿಸಿಜಿಎಸ್, ಎನ್‌ಜಿಸಿ ಅನ್ನೋ ಗ್ರೇಡಿಂಗ್ ಕಂಪನಿಗಳ ಸೈಟಲ್ಲಿ ಪಾಪ್ಯುಲೇಷನ್ ರಿಪೋರ್ಟ್ ತೆಗೀರಿ, ಅವರು ಆ ಗ್ರೇಡ್ ಕೊಟ್ಟಿರೋ ಕಾಯಿನ್ ಎಷ್ಟಿವೆ ಅಂತ ಗೊತ್ತಾಗುತ್ತೆ, ಆದ್ರೆ ಅದನ್ನ ಕಣ್ಮುಚ್ಚಿ ನಂಬಬೇಡಿ ಯಾಕಂದ್ರೆ ಕಾಮನ್ ಕಾಯಿನ್‌ನ ಗ್ರೇಡಿಂಗ್‌ಗೆ ಕಳಿಸೋರೇ ಕಮ್ಮಿ, ರೇಟ್ ಏರಿದ್ದು ನೋಡಿ ಎಲ್ರೂ ಡಬ್ಬಿಯಿಂದ ತೆಗೆದು ಕಳಿಸಿದ್ರೆ ಇವತ್ತು ಐದಿರೋದು ನಾಳೆ ಐವತ್ತಾಗಬಹುದು, ಆಗ ಕೊಟ್ಟ ದುಡ್ಡು ವಾಪಸ್ ಬರೋದು ಕಷ್ಟ. ಹಳೇ ಹರಾಜಿನ ರೇಟೂ ನೋಡಿ, ಒಂದಲ್ಲ, ನಾಲ್ಕೈದು. ನನ್ ಪ್ರಕಾರ ಒಂದು ಗ್ರೇಡ್ ಕೆಳಗಿರೋ, ಹೊಳಪು ಚೆನ್ನಾಗಿರೋ ಕಾಯಿನ್ನೇ ಸಾಕು. ರಿಜಿಸ್ಟ್ರಿ ಸೆಟ್ (ಗ್ರೇಡಿಂಗ್ ಕಂಪನಿ ಸೈಟಲ್ಲಿ ಬೇರೆಯವರ ಜೊತೆ ಪಾಯಿಂಟ್ ಪೈಪೋಟಿಗೆ ಇಡೋ ಕಲೆಕ್ಷನ್) ಕಟ್ತಿದ್ರೆ ಮಾತ್ರ ಬೇರೆ ಮಾತು, ಅಲ್ಲಿ ಪಾಯಿಂಟ್ ಬೇಕೇಬೇಕು.